ಹಗಲಿಲ್ಲದ ವಾರ

ಆರ್ಕಿಟೆಕ್ಚರ್ ಓದಿದವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ, ತಮ್ಮ ವಿನ್ಯಾಸವನ್ನು ಪರೀಕ್ಷಕರ ಮುಂದಿಡುವ ಜ್ಯೂರಿ ವಾರಕ್ಕೆ ಬಂದು ನಿಲ್ಲುತ್ತದೆ. ಎಷ್ಟು ನೈಟ್‌ಔಟ್ ಮಾಡಿದೆವು, ಯಾರ ಮಾಡೆಲ್ ರಿಕ್ಷಾದಲ್ಲೇ ಮುರಿದುಹೋಯಿತು, ಯಾವ ಮೇಷ್ಟ್ರು ಯಾರ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗೀಚಿದರು ಎಂಬುದನ್ನೆಲ್ಲ ದಂಡಯಾತ್ರೆಯಿಂದ ಮರಳಿದವರ ಹಾಗೆ ಹೇಳಿಕೊಳ್ಳುತ್ತೇವೆ. ಒಂದೂವರೆ ದಿನ ರೈಲಿನಲ್ಲಿ ಕೂತು ಗುಜರಾತಿಗೆ ಹೋಗಿ ಓದಿದ ನಮ್ಮಂಥ ಕನ್ನಡದವರಲ್ಲಿ ಈ ಹೆಮ್ಮೆ ಒಂದು ಕೈ ಹೆಚ್ಚೇ. ಭಾಷೆ ಬಾರದ ಊರಿನಲ್ಲಿ, ಮನೆಯವರ ಕಣ್ಣಿಂದ ದೂರ, ನಾವೇ ನಾವಾಗಿ ದುಡಿದೆವಲ್ಲ ಎಂಬ ಸಮಾಧಾನವೂ ಅದರಲ್ಲಿ ಸೇರಿಕೊಂಡಿರುತ್ತದೆ. ಆ ಸಮಾಧಾನವನ್ನು ಯಾರಿಂದಲೂ ಕಿತ್ತುಕೊಳ್ಳುವ ಉದ್ದೇಶ ನನಗಿಲ್ಲ. ಆದರೆ ವರ್ಷಗಳು ಕಳೆದ ಮೇಲೆ ಲೆಕ್ಕ ಹಾಕಿದರೆ, ಆ ವಾರಗಳಿಂದ ಬಂದ ವಿದ್ಯೆ ಬಹಳ ಕಡಿಮೆ ಎನಿಸುತ್ತದೆ. ಕಳೆದ ನಿದ್ದೆಯನ್ನು ರಜೆಯಲ್ಲಿ ಊರಿಗೆ ಬಂದು ತುಂಬಿಕೊಂಡೆವು. ಕಳೆದ ಹಗಲನ್ನು ತುಂಬಿಕೊಳ್ಳಲು ಆಗಲಿಲ್ಲ. ಅಹಮದಾಬಾದು, ವಡೋದರಾ, ಸೂರತ್‌ಗಳಂಥ ಊರುಗಳಲ್ಲಿ ಕಟ್ಟಡ ವಿದ್ಯೆ ಕಲಿಯುವವರಿಗೆ ಇದು ಸಣ್ಣ ನಷ್ಟವಲ್ಲ. ಆ ಊರುಗಳು ಪಾಠ ಹೇಳುವುದೇ ಬಿಸಿಲಿನಲ್ಲಿ.

ಆ ವಾರ ಹೇಗಿರುತ್ತಿತ್ತು ಎಂಬುದನ್ನು ಹೇಳದೆ ವಾದ ಬೆಳೆಸುವುದು ನ್ಯಾಯವಲ್ಲ. ಯಾವ ಕಾಲೇಜು ಎಂಬುದು ಇಲ್ಲಿ ಮುಖ್ಯವೂ ಅಲ್ಲ. ಬೆಂಗಳೂರಾಗಲಿ ಸೂರತ್ ಆಗಲಿ, ಐದು ವರ್ಷದ ಬಿ.ಆರ್ಕ್ ಓದುವ ಮಕ್ಕಳ ಸೆಮಿಸ್ಟರಿನ ಕೊನೆಯ ವಾರ ಎಲ್ಲ ಕಡೆ ಒಂದೇ ಅಚ್ಚಿನದು. ಸೋಮವಾರದ ಸ್ಟುಡಿಯೊದಲ್ಲಿ ಮೇಷ್ಟ್ರು ಬಟರ್ ಪೇಪರ್ ಹಾಸಿ ನಮ್ಮ ಪ್ಲಾನಿನ ಮೇಲೆ ತಮ್ಮ ಗೆರೆ ಎಳೆದರೆಂದರೆ ತಿಂಗಳ ಕೆಲಸ ಮಗುಚಿ ಬೀಳುತ್ತಿತ್ತು. ಮರುದಿನ ಸ್ಟ್ರಕ್ಚರ್ಸ್ ಪರೀಕ್ಷೆ, ಅದರ ಬೆನ್ನಿಗೆ ಬಾಗಿಲು ಚೌಕಟ್ಟಿನ ಡೀಟೇಲ್ ಶೀಟು, ನಡುವೆ ಇತಿಹಾಸದ ಟಿಪ್ಪಣಿ, ಶುಕ್ರವಾರಕ್ಕೆ ಜ್ಯೂರಿ. ಮಾಡೆಲ್ ಎಂಬುದು ಇವೆಲ್ಲದರ ಕೊನೆಗೆ ಉಳಿಯುವ ಕೆಲಸ. ಫೋಮ್ ಬೋರ್ಡನ್ನು ಒಂದೇ ಏಟಿಗೆ ಕತ್ತರಿಸಲು ಹೋದರೆ ಒಳಗಿನ ಫೋಮು ಚೂರುಚೂರಾಗಿ ಕಿತ್ತುಬರುತ್ತದೆ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಕಟರನ್ನು ಹಗುರವಾಗಿ ಮೂರು ಸಲ ಎಳೆಯಬೇಕು: ಮೊದಲ ಎಳೆತಕ್ಕೆ ಮೇಲಿನ ಕಾಗದ, ಎರಡನೆಯದಕ್ಕೆ ಫೋಮು, ಮೂರನೆಯದಕ್ಕೆ ತಳದ ಕಾಗದ. ಬೆಳಗಿನ ಜಾವ ನಾಲ್ಕಕ್ಕೆ ಆ ಮೂರು ಎಳೆತದ ತಾಳ್ಮೆ ಯಾರ ಕೈಯಲ್ಲೂ ಉಳಿದಿರುವುದಿಲ್ಲ. ಫೆವಿಕ್ವಿಕ್ ಬೆರಳ ತುದಿಗೆ ಅಂಟಿ ಒಣಗಿ ಸಿಪ್ಪೆಯಾಗಿ ಏಳುತ್ತದೆ, ಗೋಡೆ ಒಂದು ಮಿಲಿಮೀಟರ್ ಓರೆಯಾಗಿ ಕೂರುತ್ತದೆ, ಅದನ್ನು ಕೀಳಲು ಹೋದರೆ ಪಕ್ಕದ ಗೋಡೆಯೂ ಜೊತೆಗೆ ಬರುತ್ತದೆ. ಬೆಳಕು ಹರಿದ ಮೇಲೆ ಪ್ರಿಂಟ್ ಅಂಗಡಿಯ ಮುಂದೆ ಸಾಲು, ಪಕ್ಕದ ಕಿಟ್ಲಿ ಎಂಬ ಚಹಾ ಅಂಗಡಿಯಲ್ಲಿ ಅರ್ಧ ಲೋಟ ಚಹಾ, ಆಮೇಲೆ ತರಗತಿಯಲ್ಲಿ ಕಣ್ಣು ತೆರೆದೇ ನಿದ್ದೆ. ಊರು ಬಿಸಿಲಿನಲ್ಲಿ ಕೆಲಸ ಮಾಡುವ ಹೊತ್ತಿಗೆ ನಾವು ಪರದೆ ಎಳೆದು ಮಲಗಿರುತ್ತಿದ್ದೆವು. ಊರು ಮಲಗಿದ ಮೇಲೆ ಎದ್ದು ಕೂತು, ಟ್ಯೂಬ್‌ಲೈಟಿನ ಕೆಳಗೆ, ಅದೇ ಊರಿಗೆ ಕಟ್ಟಡ ಬರೆಯುತ್ತಿದ್ದೆವು.

ಅದರಿಂದೇನು ಕೆಟ್ಟಿತು ಎನ್ನುವವರು ಅಹಮದಾಬಾದಿನ ಆಶ್ರಮ ರಸ್ತೆಯಲ್ಲಿರುವ ಮಿಲ್ ಓನರ್ಸ್ ಅಸೋಸಿಯೇಶನ್ ಕಟ್ಟಡದ ಮುಂದೆ ಮಧ್ಯಾಹ್ನ ಮೂರಕ್ಕೆ ಹೋಗಿ ನಿಲ್ಲಬೇಕು. ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೆ 1954ರಲ್ಲಿ ಮಾಡಿಕೊಟ್ಟ ಕಟ್ಟಡ ಅದು. ಪಶ್ಚಿಮಕ್ಕೆ ರಸ್ತೆ, ಪೂರ್ವಕ್ಕೆ ಸಾಬರಮತಿ. ಎರಡೂ ಮುಖಗಳಿಗೆ ಕಾಂಕ್ರೀಟಿನ ಆಳವಾದ ಹಲಗೆಗಳು. ನದಿಯ ಕಡೆ ಅವು ನೇರವಾಗಿ ನಿಂತು ಗಾಳಿಗೂ ನೋಟಕ್ಕೂ ದಾರಿ ಬಿಡುತ್ತವೆ. ರಸ್ತೆಯ ಕಡೆ ಓರೆಯಾಗಿ ತಿರುಗಿ ಇಳಿಬಿಸಿಲಿಗೆ ಬೆನ್ನು ಕೊಡುತ್ತವೆ. ಉತ್ತರ ದಕ್ಷಿಣಗಳಿಗೆ ಬಹುಪಾಲು ಬರೀ ಇಟ್ಟಿಗೆ ಗೋಡೆ. ಪುಸ್ತಕದ ಪ್ಲಾನಿನಲ್ಲಿ ಈ ವ್ಯತ್ಯಾಸ ಒಂದಷ್ಟು ಓರೆ ಗೆರೆ, ಒಂದಷ್ಟು ನೇರ ಗೆರೆ, ಅಷ್ಟೆ. ಅವನ್ನು ನಕಲು ಮಾಡಿ ತನ್ನ ಶೀಟಿನಲ್ಲಿ ನಾಲ್ಕೂ ದಿಕ್ಕಿಗೆ ಒಂದೇ ರೀತಿಯ ಹಲಗೆ ನೆಟ್ಟ ವಿದ್ಯಾರ್ಥಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಮಧ್ಯಾಹ್ನ ಮೂರು ಗಂಟೆ ಎಂಬುದು ಅವರ ದಿನಚರಿಯಲ್ಲಿ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಉತ್ತರದ ಬೆಳಕು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಅಹಮದಾಬಾದಿನಲ್ಲಿ 1962ರಲ್ಲಿ ಶುರುಮಾಡಿ ಬೆಳೆಸಿದ ಶಾಲೆಯ, ಅಂದರೆ ಈಗಿನ ಸೆಪ್ಟ್ ವಿಶ್ವವಿದ್ಯಾಲಯದ, ಹಳೆಯ ಕಟ್ಟಡ ಇಟ್ಟಿಗೆ ಮತ್ತು ಕಾಂಕ್ರೀಟಿನದು. ಅದರ ಎತ್ತರದ ಸ್ಟುಡಿಯೊಗಳಿಗೆ ಉತ್ತರಕ್ಕೆ ತೆರೆದ ಓರೆ ಗಾಜುಗಳಿಂದ ಬೆಳಕು ಇಳಿಯುತ್ತದೆ. ಅಹಮದಾಬಾದು 23 ಡಿಗ್ರಿ ಅಕ್ಷಾಂಶದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದ ಹೊಸ್ತಿಲಲ್ಲಿದೆ. ಅಲ್ಲಿ ನಡುಹಗಲ ಸೂರ್ಯ ಜೂನ್ ಕೊನೆಯಲ್ಲಿ ನೆತ್ತಿಗೆ ಬಂದು ಹಾಗೇ ಹಿಂದಿರುಗುತ್ತಾನೆ; ಉತ್ತರಕ್ಕೆ ದಾಟುವುದು ಹೆಸರಿಗೆ ಮಾತ್ರ. ಹೀಗಾಗಿ ಉತ್ತರದ ಕಿಟಕಿ ಅಲ್ಲಿ ನಂಬಿಕಸ್ಥ. ಅದೇ ಸೂತ್ರವನ್ನು ಕಂಠಪಾಠ ಮಾಡಿಕೊಂಡು ಬೆಂಗಳೂರಿಗೆ ಬಂದರೆ ಮೋಸ ಹೋದಂತೆ. 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಉತ್ತರದ ಗಾಜಿಗೆ ತಿಂಗಳುಗಟ್ಟಲೆ ಬಿಸಿಲು ಬೀಳುತ್ತದೆ. ದೋಶಿಯವರು ಬನ್ನೇರುಘಟ್ಟ ರಸ್ತೆಯ ಐಐಎಂಗೆ ಸ್ಥಳೀಯ ಗ್ರಾನೈಟ್ ಕಲ್ಲಿನ ಗೋಡೆ ಎಬ್ಬಿಸಿ, ಬಳ್ಳಿ ಹಬ್ಬುವ ಅರೆತೆರೆದ ಪಡಸಾಲೆಗಳನ್ನು ಹೆಣೆದರೇ ಹೊರತು ಅಹಮದಾಬಾದಿನ ಉತ್ತರವನ್ನು ಮೂಟೆ ಕಟ್ಟಿ ತರಲಿಲ್ಲ. ಎರಡೂ ಊರಿನ ಹಗಲನ್ನು ಕಂಡವರು ಮಾಡುವ ಕೆಲಸ ಅದು. ಹಗಲ ಬೆಳಕಿಗೆಂದೇ ಮಾಡಿದ ಕೋಣೆಗಳಲ್ಲಿ ರಾತ್ರಿ ಮಾತ್ರ ಎಚ್ಚರವಾಗಿರುವ ತಲೆಮಾರುಗಳನ್ನು ನಮ್ಮ ದೇಶದ ಸ್ಟುಡಿಯೊಗಳು ಬೆಳೆಸುತ್ತ ಬಂದಿವೆ ಎಂಬುದು ನನಗೆ ಈಗಲೂ ವಿಚಿತ್ರವಾಗಿ ಕಾಣುತ್ತದೆ.

ಅಹಮದಾಬಾದಿನ ಹಳೆಯ ಊರಿನ ಪೋಳಗಳಿಗೆ, ಅಂದರೆ ಇಕ್ಕಟ್ಟಾದ ಓಣಿಯಲ್ಲಿ ಒತ್ತೊತ್ತಾಗಿ ನಿಂತ ಮನೆಗಳ ಕೇರಿಗಳಿಗೆ, ಬಂದರೆ ವಾದಕ್ಕೆ ಇನ್ನೂ ಗಟ್ಟಿ ನೆಲ ಸಿಗುತ್ತದೆ. ಅಹ್ಮದ್ ಷಾ 1411ರಲ್ಲಿ ಕಟ್ಟಿದ ಈ ಊರು 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿ ಭಾರತದ ಮೊದಲ ವಿಶ್ವ ಪರಂಪರೆಯ ನಗರವೆನಿಸಿತು. ಇಲ್ಲಿನ ಮನೆಗಳ ಅಳತೆ ತೆಗೆದು ನಕ್ಷೆ ಬರೆಯುವುದು ಗುಜರಾತಿನಲ್ಲಿ ಓದುವ ಆರ್ಕಿಟೆಕ್ಚರ್ ಮಕ್ಕಳಿಗೆ ಅಕ್ಷರಾಭ್ಯಾಸ ಇದ್ದ ಹಾಗೆ. ಒಬ್ಬರು ಟೇಪಿನ ತುದಿ ಹಿಡಿಯಬೇಕು, ಇನ್ನೊಬ್ಬರು ಓದಬೇಕು, ಮತ್ತೊಬ್ಬರು ಬರೆದುಕೊಳ್ಳಬೇಕು. ಕೋಣೆಯ ನಾಲ್ಕು ಬದಿ ಅಳೆದರೆ ಸಾಲದು. ಹಳೆಯ ಮನೆಯ ಮೂಲೆಗಳು ಮೂಲೆಮಟ್ಟಕ್ಕೆ ಕೂರುವುದಿಲ್ಲ, ಆದ್ದರಿಂದ ಮೂಲೆಯಿಂದ ಮೂಲೆಗೆ ಕರ್ಣವನ್ನೂ ಹಿಡಿಯಬೇಕು. ರಸ್ತೆಗೆ ತೆರೆದ ಜಗಲಿ, ಅದನ್ನು ದಾಟಿದರೆ ಆಕಾಶ ಕಾಣುವ ಚೌಕ, ಚೌಕದ ಕೆಳಗೆ ಮಳೆನೀರು ಹಿಡಿದಿಡುವ ಟಾಂಕಾ. ಹಳೇ ಮೈಸೂರಿನ ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇಲ್ಲಿ ಹೊಸತೇನಿಲ್ಲ ಎನಿಸುವುದು ಸಹಜ. ಆದರೆ ನಮ್ಮ ತೊಟ್ಟಿ ಮಳೆಯನ್ನು ಹೊರಗೆ ಹರಿಸುತ್ತದೆ, ಅವರ ಚೌಕ ಅದನ್ನು ನುಂಗಿ ವರ್ಷಪೂರ್ತಿ ಇಟ್ಟುಕೊಳ್ಳುತ್ತದೆ. ಎರಡು ನಾಡುಗಳು ಮಳೆಯನ್ನು ನೋಡುವ ಬಗೆಯ ವ್ಯತ್ಯಾಸ ಒಂದು ಅಂಗಳದಲ್ಲಿ ಕಂಡುಬಿಡುತ್ತದೆ. ಇಂಥ ಮನೆಗೆ ರಾತ್ರಿ ಹನ್ನೆರಡಕ್ಕೆ ಹೋಗಿ ಟೇಪು ಹಿಡಿಯಲು ಆಗುವುದಿಲ್ಲ. ಊಟ ಮುಗಿದು ಪಾತ್ರೆ ತೊಳೆದ ಮೇಲೆ, ಸಂಜೆಯ ಒಲೆ ಹಚ್ಚುವ ಮೊದಲು, ಮನೆಯ ಹಿರಿಯ ಹೆಂಗಸನ್ನು ಬಾ ಎಂದು, ಗಂಡಸರನ್ನು ಕಾಕಾ ಎಂದು ಕರೆದು ಒಳಗೆ ಹೋಗಬೇಕು. ಆ ಹೊತ್ತಿಗೆ ಹೊರಗೆ ಬೀದಿ ಕಾದಿರುತ್ತದೆ, ಚೌಕದ ನೆರಳಿನಲ್ಲಿ ನೆಲ ತಣ್ಣಗಿರುತ್ತದೆ. ಆ ತಂಪನ್ನು ಅಂಗಾಲಿನಿಂದ ತಿಳಿದವರಿಗೆ ಚೌಕದ ಅಗಲಕ್ಕೂ ಗೋಡೆಯ ಎತ್ತರಕ್ಕೂ ಇರುವ ಸಂಬಂಧವನ್ನು ಬೇರೆಯಾಗಿ ಕಲಿಸಬೇಕಿಲ್ಲ.

ಈ ತಂಪು ರಸಿಕರ ವಿಷಯ ಎಂದು ತಳ್ಳಿಹಾಕುವಂತಿಲ್ಲ. 2010ರ ಮೇ ತಿಂಗಳ ಬಿಸಿಗಾಳಿಗೆ ಅಹಮದಾಬಾದಿನಲ್ಲಿ ಎಂದಿಗಿಂತ 1,344 ಸಾವು ಹೆಚ್ಚಾದವು ಎಂದು ಆಮೇಲೆ ಲೆಕ್ಕ ಸಿಕ್ಕಿತು. 2013ರಲ್ಲಿ ನಗರ ಪಾಲಿಕೆ ಬಿಸಿಗಾಳಿ ಎದುರಿಸುವ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಅಂಥದು ಅದೇ ಮೊದಲು. 2016ರ ಮೇ 20ರಂದು ಉಷ್ಣಾಂಶ 48 ಡಿಗ್ರಿ ಮುಟ್ಟಿತು. ಹೀಗೆ ಕಾಯುವ ಊರಿನಲ್ಲಿ ಪಶ್ಚಿಮದ ಗೋಡೆಗೆ ಗಾಜು ಬರೆಯುವುದು ಅಂಕ ಕಳೆಯುವ ತಪ್ಪಲ್ಲ, ಜೀವಕ್ಕೆ ಬರುವ ತಪ್ಪು. 2001ರ ಜನವರಿ 26ರ ಭೂಕಂಪವನ್ನೂ ಇಲ್ಲಿ ನೆನೆಯಬೇಕು. ಅಹಮದಾಬಾದಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಕೆಳಗೆ ಪಾರ್ಕಿಂಗಿಗೆಂದು ಕಂಬಗಳನ್ನಷ್ಟೇ ನಿಲ್ಲಿಸಿ ಮೇಲೆ ಮಹಡಿ ಪೇರಿಸಿದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸಿಕ್ಕಿಕೊಂಡವರು. ಪೋಳದ ಹಳೆಯ ಮನೆಗಳು ಬಿರುಕು ಬಿಟ್ಟರೂ ಬಹಳಷ್ಟು ನಿಂತವು, ಏಕೆಂದರೆ ಅವುಗಳ ಇಟ್ಟಿಗೆ ಗೋಡೆಗಳ ನಡುವೆ ಮರದ ತೊಲೆಗಳು ಪಟ್ಟಿಯಂತೆ ಹಾಯ್ದಿರುತ್ತವೆ, ಅಲುಗಿದಾಗ ಗೋಡೆಯನ್ನು ಹಿಡಿದುಕೊಳ್ಳುತ್ತವೆ. ಗಾರೆ ಉದುರಿದ ಕಡೆ ಬೆರಳಿಟ್ಟು ಆ ತೊಲೆಯನ್ನು ಪತ್ತೆ ಹಚ್ಚಿದ ವಿದ್ಯಾರ್ಥಿಗೆ ಅದು ಮರೆಯುವುದಿಲ್ಲ.

ವಡೋದರಾ ಅಹಮದಾಬಾದಿನಿಂದ ನೂರು ಕಿಲೋಮೀಟರ್ ಆಸುಪಾಸು, ಅಲ್ಲಿಂದ ಸೂರತ್ ಇನ್ನೂ ನೂರ ಮೂವತ್ತು. ಒಂದೇ ರೈಲು ಹಳಿ. ಬಿಡುವಾದ ವಾರದಲ್ಲಿ ಮುಂಜಾನೆ ಹೊರಟು ರಾತ್ರಿ ಮರಳಬಹುದಾದ ದೂರ. ಬಿಡುವಿಲ್ಲದ ವಾರಗಳು ತಿಂದುಹಾಕಿದ್ದು ಈ ಪ್ರಯಾಣಗಳನ್ನೇ. ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ, ಹಳೆಯ ಬರೋಡಾ ಕಾಲೇಜಿನ ಮೇಲೆ, ರಾಬರ್ಟ್ ಚಿಸಮ್ ಎಬ್ಬಿಸಿದ ದೊಡ್ಡ ಗುಮ್ಮಟವಿದೆ. ಅದಕ್ಕೆ ನಮ್ಮ ವಿಜಯಪುರದ ಗೋಲ್ ಗುಂಬಜ್ ಮಾದರಿ ಎಂದು ಹೇಳುವ ವಾಡಿಕೆ. ಗೋಲ್ ಗುಂಬಜನ್ನೇ ಸರಿಯಾಗಿ ನೋಡದೆ ಅದರ ಮರಿಯನ್ನು ನೋಡಲು ಗುಜರಾತಿಗೆ ಹೋಗುವ ಕನ್ನಡದ ವಿದ್ಯಾರ್ಥಿಗಳು ಇದ್ದಾರೆ. ಆ ಮಾತು ಬೇಡ ಬಿಡಿ. ಅಲ್ಲೇ ಹತ್ತಿರದ ಕಲಾಭವನವನ್ನು ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಕೈಕಸುಬುಗಳನ್ನು ಕಲಿಸಲೆಂದು ತೆರೆದರು. ದಾದಾಸಾಹೇಬ್ ಫಾಲ್ಕೆ ಅಲ್ಲಿ ಕಲಿತವರು. ಸೂರತ್‌ನದು ಬೇರೆಯೇ ಪಾಠ. ಮಹಿಧರಪುರದ ಹೀರಾ ಬಜಾರಿನಲ್ಲಿ ವಜ್ರದ ವ್ಯಾಪಾರ ನಡೆಯುವುದು ಬೀದಿಯಲ್ಲಿ: ನಿಲ್ಲಿಸಿದ ಸ್ಕೂಟರಿನ ಸೀಟೇ ಮೇಜು, ಬಿಳಿ ಕಾಗದದ ಮಡಿಕೆಯೇ ಪೆಟ್ಟಿಗೆ, ಬಯಲ ಬೆಳಕೇ ದೀಪ. ಹರಳನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತ ನಾಲ್ಕು ಜನ ಗುಂಪು ಕಟ್ಟುತ್ತಾರೆ, ಮಾತು ಮುರಿದರೆ ಹತ್ತು ಹೆಜ್ಜೆ ನಡೆದು ಇನ್ನೊಂದು ಗುಂಪು ಸೇರುತ್ತಾರೆ. 2023ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟನೆಯಾಯಿತು. ಮಾರ್ಫೊಜೆನೆಸಿಸ್ ಸಂಸ್ಥೆ ವಿನ್ಯಾಸ ಮಾಡಿದ ಒಂಬತ್ತು ಗೋಪುರ, ನಾಲ್ಕು ಸಾವಿರಕ್ಕೂ ಮಿಕ್ಕಿ ಕಚೇರಿ. ಗಾಳಿ ಬೆಳಕಿನ ಬಗ್ಗೆ ತಲೆ ಕೆಡಿಸಿಕೊಂಡು ಮಾಡಿದ ಕಟ್ಟಡವೇ. ಆದರೂ ವ್ಯಾಪಾರಿಗಳು ಬೀದಿ ಬಿಟ್ಟು ಅಲ್ಲಿಗೆ ಹೋಗಲು ಮೀನಮೇಷ ಎಣಿಸಿದರು. ವಜ್ರದ ಮಾರುಕಟ್ಟೆ ಬಿದ್ದಿದ್ದೂ ಅದಕ್ಕೊಂದು ಕಾರಣ, ನಿಜ. ಆದರೆ ಹತ್ತು ಹೆಜ್ಜೆಯ ಆ ನಡಿಗೆ ಎಷ್ಟು ಬೆಲೆ ಬಾಳುತ್ತದೆ ಎಂಬುದು ಮಹಿಧರಪುರದಲ್ಲಿ ಒಂದು ಹಗಲು ಕಳೆದವರಿಗೆ ಮಾತ್ರ ಗೊತ್ತಾಗುವ ವಿಷಯ.

ಇದಕ್ಕೆ ಎದುರು ಮಾತು ಬಹಳ ಇವೆ. ಗಡುವು ಇಲ್ಲದಿದ್ದರೆ ಯಾವ ವಿದ್ಯಾರ್ಥಿಯೂ ಗೆರೆ ಎಳೆಯುವುದಿಲ್ಲ ಎಂಬುದು ಮೊದಲನೆಯದು. ಒಪ್ಪುತ್ತೇನೆ. ವಿನ್ಯಾಸಕ್ಕೆ ತಾನಾಗಿ ಬರುವ ಕೊನೆ ಇಲ್ಲ. ಯಾರೋ ಸಾಕು ಎನ್ನಬೇಕು. ಆದರೆ ಗಡುವು ಬೇಕು ಎಂಬುದರಿಂದ ನಾಲ್ಕು ವಿಷಯಗಳ ಗಡುವು ಒಂದೇ ವಾರಕ್ಕೆ ಬೀಳಬೇಕು ಎಂದಾಗುವುದಿಲ್ಲ. ಮೇಷ್ಟ್ರುಗಳು ತಮ್ಮತಮ್ಮೊಳಗೆ ಕ್ಯಾಲೆಂಡರ್ ಹೊಂದಿಸಿಕೊಳ್ಳದ ಸೋಮಾರಿತನಕ್ಕೆ ಮಕ್ಕಳ ಶ್ರದ್ಧೆಯ ಹೆಸರು ಕೊಟ್ಟಿದ್ದೇವೆ. ದೊಡ್ಡವರೂ ನಿದ್ದೆಗೆಟ್ಟೇ ದುಡಿದರಲ್ಲ ಎಂಬುದು ಎರಡನೆಯ ಮಾತು, ಇದಕ್ಕೆ ಸಾಕ್ಷಿಯಾಗಿ ವಾಸ್ತುಶಿಲ್ಪಿ ಲೂಯಿ ಕಾನ್ ಹೆಸರು ಬರುತ್ತದೆ. ಅವರು ರಾತ್ರಿ ಕಚೇರಿಯಲ್ಲಿ ಕೂರುತ್ತಿದ್ದದ್ದು ನಿಜವೇ. ಆದರೆ ಅಹಮದಾಬಾದಿನ ಐಐಎಂನ ಕೆಲಸ ಅವರ ಕೈಗೆ ಬಂದದ್ದು 1962ರಲ್ಲಿ. 1974ರ ಮಾರ್ಚಿನಲ್ಲಿ ಅದೇ ಊರಿನಿಂದ ಮರಳುವಾಗ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ತೀರಿಕೊಳ್ಳುವವರೆಗೂ ಅದು ನಡೆಯುತ್ತಲೇ ಇತ್ತು, ಆಮೇಲೆ ಅನಂತ ರಾಜೆ ಅದನ್ನು ಮುಂದುವರಿಸಿದರು. ಆ ಇಟ್ಟಿಗೆ ಗೋಡೆಗಳ ದೊಡ್ಡ ವೃತ್ತಗಳು, ಅವುಗಳ ಹಿಂದಿನ ದಟ್ಟ ನೆರಳು ಹನ್ನೆರಡು ವರ್ಷ ಬಂದುಹೋಗಿ ನೋಡಿ ತಿದ್ದಿದ ಫಲ. ಒತ್ತಡದ ಇನ್ನೊಂದು ಮುಖ ವಡೋದರಾದಲ್ಲೇ ಇದೆ. ಲಕ್ಷ್ಮೀ ವಿಲಾಸ ಅರಮನೆಯ ನಕ್ಷೆ ಮಾಡಿದ ಮೇಜರ್ ಚಾರ್ಲ್ಸ್ ಮಾಂಟ್ ಆಗ ಕೊಲ್ಹಾಪುರ ಮುಂತಾದ ಸಂಸ್ಥಾನಗಳ ಕೆಲಸವನ್ನೂ ಹೊತ್ತಿದ್ದರು. ತನ್ನ ಲೆಕ್ಕ ತಪ್ಪಿದೆ, ಅರಮನೆಗಳು ಕುಸಿಯುತ್ತವೆ ಎಂಬ ಭೀತಿಯಲ್ಲಿ ಬುದ್ಧಿ ಕದಡಿ 1881ರಲ್ಲಿ ಅವರು ಸತ್ತರೆಂದು ಹೇಳುತ್ತಾರೆ. ಚಿಸಮ್ 1890ರಲ್ಲಿ ಅರಮನೆಯನ್ನು ಮುಗಿಸಿದರು. ಅದು ಇವತ್ತಿಗೂ ಅಲುಗದೆ ನಿಂತಿದೆ.

ವೃತ್ತಿಯೇ ಹೀಗಿರುವಾಗ ಕಾಲೇಜಿನಲ್ಲೇ ಅಭ್ಯಾಸವಾಗಲಿ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರವಾದದ್ದು. ವೃತ್ತಿ ಹೀಗಾಗಿರುವುದೇ ಕಾಲೇಜಿನ ಅಭ್ಯಾಸದಿಂದ. ರಾತ್ರಿಗಳಿಗೆ ಬೆಲೆ ಕಟ್ಟದೆ ಕೊಡಲು ಕಲಿತ ಹುಡುಗ ಹುಡುಗಿಯರು ಕಚೇರಿಗೆ ಬಂದ ಮೇಲೂ ಹಾಗೇ ಕೊಡುತ್ತಾರೆ. ಕಡಿಮೆ ಸಂಬಳ, ಕೊನೆಯಿಲ್ಲದ ಕೆಲಸದ ವೇಳೆ ಎರಡೂ ಅದರ ಮೇಲೆ ನಿಂತಿವೆ. ಅಮೆರಿಕದಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಘವೇ 2002ರಲ್ಲಿ ಸ್ಟುಡಿಯೊ ಸಂಸ್ಕೃತಿಯ ಮೇಲೆ ವರದಿ ಬರೆದು, ನಿದ್ದೆಗೇಡನ್ನು ವೈಭವೀಕರಿಸುವುದನ್ನು ನಿಲ್ಲಿಸಿ ಎಂದು ಶಾಲೆಗಳನ್ನು ಕೇಳಿತು. ಕಂಪ್ಯೂಟರ್ ಬಂದರೆ ಹೊರೆ ಇಳಿಯುತ್ತದೆ ಎಂಬ ನಿರೀಕ್ಷೆಯೂ ಇತ್ತು. ರೋಟ್ರಿಂಗ್ ಪೆನ್ನಿನ ಕಾಲದಲ್ಲಿ ಒಂದು ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ಮತ್ತೆ ಎಳೆಯಬೇಕಿತ್ತು. ಈಗ ಗುಂಡಿ ಒತ್ತಿದರೆ ಆಯಿತು. ಉಳಿದ ಆ ಸಮಯ ಎಲ್ಲಿ ಹೋಯಿತು? ಒಂದು ಚಿತ್ರದ ಜಾಗದಲ್ಲಿ ಕಂಪ್ಯೂಟರಿನ ಆರು ರೆಂಡರ್ ಚಿತ್ರ ಕೇಳುವುದಕ್ಕೆ ಹೋಯಿತು. ಆ ರೆಂಡರುಗಳಲ್ಲಿ ಆಕಾಶ ಯಾವಾಗಲೂ ನೀಲಿ, ಬಿಸಿಲು ಯಾವಾಗಲೂ ಸಂಜೆ ಐದರ ಹದ. ಮೇ ತಿಂಗಳ ಅಹಮದಾಬಾದು ಅವುಗಳಲ್ಲಿ ಎಂದೂ ಕಾಣದು.

ನನಗೆ ನಿಜಕ್ಕೂ ತೂಕದ್ದೆನಿಸುವ ಆಕ್ಷೇಪ ಒಂದೇ: ಗುಜರಾತಿನ ಊರುಗಳು ರಾತ್ರಿಯಲ್ಲೂ ಬದುಕುತ್ತವಲ್ಲ? ಅಹಮದಾಬಾದಿನ ಮಾಣೆಕ್ ಚೌಕ ಹಗಲು ಚಿನ್ನ ಬೆಳ್ಳಿಯ ಪೇಟೆ, ರಾತ್ರಿ ತಿಂಡಿಯ ಬೀದಿ. ನವರಾತ್ರಿಯ ಒಂಬತ್ತು ರಾತ್ರಿಯೂ ಊರಿಗೆ ಊರೇ ಗರ್ಬಾ ಆಡುತ್ತದೆ. ಬೇಸಿಗೆಯಲ್ಲಿ ಜನ ಮಲಗುವುದೇ ತಾರಸಿಯಲ್ಲಿ. ಈ ರಾತ್ರಿಯನ್ನು ನೋಡದವನು ಊರನ್ನು ಪೂರ್ತಿ ನೋಡಲಿಲ್ಲ, ಸರಿ. ಒಂದೇ ಚೌಕಕ್ಕೆ ಹಗಲಿಗೊಂದು ರಾತ್ರಿಗೊಂದು ಕೆಲಸ ಹೇಗೆ ಹಚ್ಚುತ್ತಾರೆ ಎಂಬುದು ಯಾವ ನಗರ ಯೋಜನೆಯ ಪುಸ್ತಕಕ್ಕೂ ಕಡಿಮೆಯಲ್ಲದ ಪಾಠ. ಆದರೆ ಜ್ಯೂರಿ ವಾರದ ರಾತ್ರಿಗಳಲ್ಲಿ ನಾವು ಮಾಣೆಕ್ ಚೌಕಕ್ಕೆ ಹೋಗಿ ಅಂಗಡಿ ಮುಚ್ಚುವುದನ್ನೂ ಗಾಡಿ ಹೂಡುವುದನ್ನೂ ನೋಡುತ್ತಿರಲಿಲ್ಲ, ಮೇಜಿಗೆ ಅಂಟಿಕೊಂಡಿದ್ದೆವು. ನಮಗೆ ಹಗಲೂ ಸಿಗಲಿಲ್ಲ, ಆ ಊರಿನ ರಾತ್ರಿಯೂ ಸಿಗಲಿಲ್ಲ. ಆ ಮೇಜುಗಳ ಸುತ್ತ ಹುಟ್ಟಿದ ಸ್ನೇಹಗಳು ಇವತ್ತಿಗೂ ಉಳಿದಿವೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಟೇಪಿನ ಎರಡು ತುದಿ ಹಿಡಿದು ಬಿಸಿಲಲ್ಲಿ ಬೆವರಿದವರ ನಡುವೆಯೂ ಅಷ್ಟೇ ಗಟ್ಟಿ ಸ್ನೇಹ ಹುಟ್ಟುತ್ತದೆ.

ಆದ್ದರಿಂದ ಕಾಲೇಜು ನಡೆಸುವವರಲ್ಲಿ ಒಂದು ಬೇಡಿಕೆ. ಶೀಟು, ಮಾಡೆಲ್ ಒಪ್ಪಿಸುವ ದಿನವನ್ನು ಜ್ಯೂರಿಗೆ ಪೂರ್ತಿ ಎರಡು ದಿನ ಮೊದಲು ಇಡಿ, ಆ ಸಂಜೆ ಆರಕ್ಕೆ ಎಲ್ಲವನ್ನೂ ಬೀಗ ಹಾಕಿ ಎತ್ತಿಡಿ. ನಡುವಿನ ದಿನ ಮಕ್ಕಳು ನಿದ್ದೆ ಮಾಡಲಿ, ಇಲ್ಲವೇ ತಾವು ಕಟ್ಟಡ ಬರೆದ ಜಾಗಕ್ಕೆ ಹೋಗಿ ಮಧ್ಯಾಹ್ನದವರೆಗೆ ನಿಲ್ಲಲಿ. ಕರ್ನಾಟಕದಿಂದ ಮಕ್ಕಳನ್ನು ಗುಜರಾತಿಗೋ ಇನ್ನೂ ದೂರಕ್ಕೋ ಓದಲು ಕಳಿಸುವ ತಂದೆತಾಯಿಯರೂ ಫೋನಿನಲ್ಲಿ ಸಬ್ಮಿಷನ್ ಆಯಿತೇ ಎಂದು ಕೇಳುವ ಮೊದಲು, ಈ ವಾರ ಯಾವ ಬೀದಿ ನೋಡಿದೆ ಎಂದು ಕೇಳಲಿ.